ಗರ್ಭಿಣಿಗೆ ಚಿಕನ್‌ಪಾಕ್ಸ್: ‘ಅಮ್ಮ ಆಗಿತ್ತು’ ಎಂಬ ಉತ್ತರ ಸಾಕೇ?

ಲೋಣಾವಳಾದಲ್ಲಿ ನೆಲೆಸಿರುವ ಕನ್ನಡದ ಮನೆಯ ಗರ್ಭಿಣಿಯನ್ನು ವೈದ್ಯರು ‘ಕಾಂಜಿಣ್ಯಾ’ ಬಂದಿತ್ತೇ ಎಂದು ಮರಾಠಿಯಲ್ಲಿ ಕೇಳಬಹುದು. ಕಾಂಜಿಣ್ಯಾ ಎಂದರೆ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್. ಮರಾಠಿಯ ‘ಗೋವರ್’ ನಮ್ಮ ದಡಾರ. ಅದು ಬೇರೆ ರೋಗ. ಕನ್ನಡದ ಎಷ್ಟೋ ಮನೆಗಳಲ್ಲಿ ಎರಡನ್ನೂ ‘ಅಮ್ಮ’ ಎಂದೇ ಕರೆಯುತ್ತಾರೆ. ಆದರೆ ದಡಾರ ಬಂದು ಹೋಗಿದ್ದರೆ ಚಿಕನ್‌ಪಾಕ್ಸ್‌ನಿಂದ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ‘ಚಿಕ್ಕವಳಿದ್ದಾಗ ಅಮ್ಮ ಆಗಿತ್ತು’ ಎಂಬ ಉತ್ತರ ಸಾಲದು.

ನಿಮಗೆ ರಕ್ಷಣೆ ಇದೆಯೇ?

ನಿಮ್ಮ ತಾಯಿಯನ್ನು ವಿಚಾರಿಸಿ. ತುರಿಕೆಯ ನೀರುಗುಳ್ಳೆಗಳೂ ಒಣಗಿದ ಹಕ್ಕಳೆಗಳೂ ಒಟ್ಟಿಗೇ ಕಂಡಿದ್ದರೆ ಅದು ಬಹುತೇಕ ಚಿಕನ್‌ಪಾಕ್ಸ್. ಜ್ವರ, ಕೆಮ್ಮು, ಕೆಂಪು ಕಣ್ಣಿನ ಜೊತೆ ಕೆಂಪು ದದ್ದು ಎದ್ದಿದ್ದರೆ ದಡಾರ ಇರಬಹುದು. ತೋಳಿನ ಮೇಲಿರುವ ಬಿಸಿಜಿ ಗುರುತು ಕ್ಷಯರೋಗದ ಲಸಿಕೆಯದು. ಚಿಕನ್‌ಪಾಕ್ಸ್ ಲಸಿಕೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ. ಖಾಸಗಿಯಾಗಿ 2 ಡೋಸ್ ಹಾಕಿಸಿದ ದಾಖಲೆ ಇದ್ದರೆ ವೈದ್ಯರಿಗೆ ತೋರಿಸಿ. ಅನುಮಾನವಿದ್ದರೆ ‘ವೆರಿಸೆಲ್ಲಾ ಐಜಿಜಿ’ ರಕ್ತಪರೀಕ್ಷೆಯ ಬಗ್ಗೆ ಕೇಳಿ.

ರೋಗಿಯ ಸಂಪರ್ಕ ಆಗಿದ್ದರೆ

ಗುಳ್ಳೆ ಏಳುವ 1–2 ದಿನ ಮೊದಲೇ ರೋಗ ಹರಡತೊಡಗುತ್ತದೆ; ಎಲ್ಲ ಗುಳ್ಳೆಗಳೂ ಒಣಗುವವರೆಗೆ ಹರಡುತ್ತದೆ. ರೋಗಿಯೊಂದಿಗೆ ಒಂದೇ ಕೋಣೆಯಲ್ಲಿ 15 ನಿಮಿಷ ಇದ್ದರೂ, ಎದುರುಬದುರು ಕೂತು ಮಾತಾಡಿದ್ದರೂ ಅದು ಸಂಪರ್ಕವೇ. ಗುಳ್ಳೆ ಕಾಣಿಸಲು 10ರಿಂದ 21 ದಿನ ಬೇಕು. ಅಲ್ಲಿಯವರೆಗೆ ಕಾಯಬೇಡಿ. ಅಂದೇ ವೈದ್ಯರಿಗೆ ಫೋನ್ ಮಾಡಿ, ಸಂಪರ್ಕವಾದ ದಿನಾಂಕ ಮತ್ತು ಎಷ್ಟನೇ ವಾರದ ಬಸಿರು ಎಂಬುದನ್ನು ತಿಳಿಸಿ. ರಕ್ಷಣೆ ಇಲ್ಲದವರಿಗೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಕೊಡಬಹುದು. ಅದನ್ನು ಆದಷ್ಟು ಬೇಗ, ಹೆಚ್ಚೆಂದರೆ 10 ದಿನದೊಳಗೆ ಕೊಡಬೇಕು. ಸಣ್ಣ ಊರಿನ ಔಷಧಿ ಅಂಗಡಿಯಲ್ಲಿ ಅದು ಸಿಗದಿರಬಹುದು; ಪುಣೆಯಿಂದ ತರಿಸಲೂ ಸಮಯ ಬೇಕು. ಕೆಲವರಿಗೆ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ.

ಗುಳ್ಳೆ ಎದ್ದರೆ

24 ಗಂಟೆಯೊಳಗೆ ವೈದ್ಯರನ್ನು ಸಂಪರ್ಕಿಸಿ. ಎಸೈಕ್ಲೋವಿರ್ ಔಷಧಿ ಬೇಗ ಶುರುವಾದಷ್ಟೂ ಪ್ರಯೋಜನ ಹೆಚ್ಚು. ಫೋನ್ ಮಾಡದೆ ನೇರವಾಗಿ ಆಸ್ಪತ್ರೆಗೆ ಹೋಗಬೇಡಿ, ಅಲ್ಲಿ ಬೇರೆ ಗರ್ಭಿಣಿಯರೂ ಇರುತ್ತಾರೆ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಹಾಸಿಗೆಯ ಬಳಿ ಬೇವಿನ ಸೊಪ್ಪು ಇಟ್ಟರೆ ತೊಂದರೆಯಿಲ್ಲ, ಆದರೆ ಅದೇ ಚಿಕಿತ್ಸೆಯಲ್ಲ. ಗರ್ಭಿಣಿಗೆ ನ್ಯುಮೋನಿಯಾ ಆಗುವ ಅಪಾಯವಿದೆ. ಉಸಿರಾಟದ ತೊಂದರೆ, ಎದೆನೋವು, ವಿಪರೀತ ತಲೆನೋವು, ಮಂಪರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಮಗುವಿಗೆ ಏನಾಗಬಹುದು?

ಬಸಿರಿನ ಮೊದಲ 20 ವಾರಗಳಲ್ಲಿ ತಾಯಿಗೆ ರೋಗ ಬಂದರೂ ಮಗುವಿಗೆ ಹಾನಿಯಾಗುವುದು 100ರಲ್ಲಿ 1–2 ಪ್ರಕರಣಗಳಲ್ಲಿ ಮಾತ್ರ. ಹೆರಿಗೆಗೆ 5 ದಿನ ಮೊದಲಿನಿಂದ 2 ದಿನ ನಂತರದವರೆಗಿನ ಅವಧಿಯಲ್ಲಿ ತಾಯಿಗೆ ಗುಳ್ಳೆ ಎದ್ದರೆ ನವಜಾತ ಶಿಶುವಿಗೆ ಅಪಾಯ ಹೆಚ್ಚು; ಮಗುವಿಗೆ ತಕ್ಷಣ ಚಿಕಿತ್ಸೆ ಬೇಕು.

ಲಸಿಕೆ ಯಾವಾಗ?

ಬಸಿರಿನಲ್ಲಿ ಈ ಲಸಿಕೆ ಹಾಕುವುದಿಲ್ಲ. ರಕ್ಷಣೆ ಇಲ್ಲದವರು ಹೆರಿಗೆಯ ನಂತರ 2 ಡೋಸ್ ಹಾಕಿಸಿಕೊಳ್ಳಬಹುದು, ಎದೆಹಾಲು ನಿಲ್ಲಿಸಬೇಕಿಲ್ಲ. ಮಗು ಬಯಸುವವರು ಲಸಿಕೆಯ ನಂತರ ಕನಿಷ್ಠ ಒಂದು ತಿಂಗಳು ಕಾಯಬೇಕು. ರಕ್ತಪರೀಕ್ಷೆಯ ಫಲಿತಾಂಶವನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿಡಿ. ಮುಂದೆ ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಅದರಲ್ಲೇ ಇರುತ್ತದೆ.