ಮಲಗುವುದು ಗಡಿಯ ಯಾವ ಕಡೆ?

ಆಲ್ಪ್ಸ್‌ನ ದೊಡ್ಡ ಸ್ಕೀಯಿಂಗ್ ತಾಣಗಳು ತಮ್ಮನ್ನು ಮಾರಿಕೊಳ್ಳುವುದು ಒಂದು ಅಂಕಿಯ ಬಲದ ಮೇಲೆ. ಸ್ವಿಟ್ಜರ್‌ಲೆಂಡಿನ ಜೆರ್ಮಾಟ್, ಇಟಲಿಯ ಚೆರ್ವಿನಿಯಾ ಎರಡೂ ಮ್ಯಾಟರ್‌ಹಾರ್ನ್ ಶಿಖರದ ಒಂದೊಂದು ಮಗ್ಗುಲಲ್ಲಿ ಕುಳಿತ ಊರುಗಳು. ನಡುವಿನ ಬೆಟ್ಟಸಾಲಿನ ನೆತ್ತಿಯನ್ನು ಕೇಬಲ್ ಕಾರುಗಳು ಎರಡೂ ಕಡೆಯಿಂದ ಮುಟ್ಟುವುದರಿಂದ, ಎರಡೂ ಊರುಗಳ ಹಿಮದ ಜಾರುದಾರಿಗಳನ್ನು ಕೂಡಿಸಿ ಸುಮಾರು 360 ಕಿಲೋಮೀಟರ್ ಎಂದು ಲೆಕ್ಕ ಕೊಡುತ್ತಾರೆ. ಒಂದೇ ಪಾಸು, ಎರಡು ದೇಶ. ಬೆಳಿಗ್ಗೆ ಸ್ವಿಸ್ ಹಿಮ, ಮಧ್ಯಾಹ್ನ ಇಟಲಿಯ ಪಾಸ್ತಾ, ಸಂಜೆ ಮತ್ತೆ ಸ್ವಿಸ್ ಹೋಟೆಲಿನ ಬೆಚ್ಚನೆಯ ಕೋಣೆ. ಈ ಚಿತ್ರ ಸುಳ್ಳಲ್ಲ, ಹೀಗೆ ದಿನ ಕಳೆಯುವವರು ಸಾವಿರಾರು ಮಂದಿ ಇದ್ದಾರೆ. ಆದರೆ ರಜೆಯ ಯೋಜನೆಯನ್ನು ಈ ಚಿತ್ರದಿಂದ ಶುರುಮಾಡಿದರೆ ದುಡ್ಡೂ ದಾರಿಯೂ ಎರಡೂ ತಪ್ಪುತ್ತವೆ. ಮೊದಲು ತೀರ್ಮಾನವಾಗಬೇಕಾದದ್ದು ರಾತ್ರಿ ಉಳಿಯುವುದು ಗಡಿಯ ಯಾವ ಕಡೆ ಎಂಬುದು. ವೀಸಾ, ವಿಮೆ, ಪಾಸು, ಖರ್ಚು, ಮನೆಮಂದಿಯ ಹೊತ್ತು ಕಳೆಯುವ ಬಗೆ ಎಲ್ಲವೂ ಅದರ ಬೆನ್ನಿಗೆ ಬರುವಂಥವು. ಗಡಿಯಾಚೆಗಿನ ಅರ್ಧ ಸಿಕ್ಕರೆ ಲಾಭ. ಅದನ್ನು ಅಸಲಿನ ಲೆಕ್ಕದಲ್ಲಿ ಹಿಡಿಯಬಾರದು.

ಆ ಅಂಕಿಯನ್ನೇ ಮೊದಲು ನೋಡೋಣ. ಜಾರುದಾರಿಯ ಉದ್ದ ಅಳೆಯುವುದು ರಸ್ತೆ ಅಳೆದಷ್ಟು ಸರಳವಲ್ಲ. ಮೇಲಿನಿಂದ ಕೆಳಕ್ಕೆ ನೇರ ಗೆರೆ ಎಳೆದು ಅಳೆಯಬಹುದು. ಸ್ಕೀ ಮಾಡುವವರು ಎಡಕ್ಕೂ ಬಲಕ್ಕೂ ಹೊರಳುತ್ತ ಇಳಿಯುತ್ತಾರೆಂದು ಆ ಹೊರಳುಗಳನ್ನೂ ಸೇರಿಸಿ ಉದ್ದ ಹಿಗ್ಗಿಸಬಹುದು. 2013ರಲ್ಲಿ ಜರ್ಮನಿಯ ಸ್ಕೀ ತಾಣಗಳ ತಜ್ಞ ಕ್ರಿಸ್ಟೋಫ್ ಶ್ರಾಹೆ ಹಲವು ಪ್ರಸಿದ್ಧ ತಾಣಗಳ ದಾರಿಗಳನ್ನು ಒಂದೇ ಅಳತೆಗೋಲಿನಿಂದ ಅಳೆದಾಗ, ಜಾಹೀರಾತಿನ ಅಂಕಿಗೂ ನೆಲದ ಮೇಲಿನ ಉದ್ದಕ್ಕೂ ಎಷ್ಟೋ ಕಡೆ ಭಾರೀ ಅಂತರ ಕಂಡುಬಂದು ಗದ್ದಲವೇ ಆಯಿತು. ಅಂಕಿ ನಿಜವೇ ಇದ್ದರೂ ಅದರಿಂದ ಯಾರಿಗೆ ಏನು ಪ್ರಯೋಜನ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಆ ಕಡೆ ದಾರಿಗಳಿಗೆ ಕಷ್ಟದ ಮಟ್ಟಕ್ಕೆ ತಕ್ಕಂತೆ ನೀಲಿ, ಕೆಂಪು, ಕಪ್ಪು ಬಣ್ಣದ ಗುರುತು ಇರುತ್ತದೆ. ಮೊದಲ ಸಲ ಸ್ಕೀ ಕಟ್ಟಿಕೊಂಡವರ ವಾರವೆಲ್ಲ ಕಲಿಕೆಯ ಇಳಿಜಾರಿನಲ್ಲೂ ಒಂದೆರಡು ನೀಲಿ ದಾರಿಗಳಲ್ಲೂ ಮುಗಿಯುತ್ತದೆ. ಅಂಥವರು 360 ಕಿಲೋಮೀಟರಿಗೆ ಹಣ ಕಟ್ಟಿ ಬಳಸುವುದು ಬೆರಳೆಣಿಕೆಯಷ್ಟು. ಕಲಿಯುವುದಷ್ಟೇ ಉದ್ದೇಶವಾದರೆ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ನಮಗೆ ಹತ್ತಿರ, ಖರ್ಚೂ ಕಡಿಮೆ. ಆಲ್ಪ್ಸ್‌ಗೆ ಹೋಗುವುದಕ್ಕೆ ಬೇರೆ ಒಳ್ಳೆಯ ಕಾರಣಗಳಿವೆ; ಕಿಲೋಮೀಟರ್ ಅವುಗಳಲ್ಲಿ ಒಂದಲ್ಲ.

ಇನ್ನು ಗಡಿ. ಎರಡು ಊರುಗಳ ನಡುವಿನ ನೆತ್ತಿ ಪ್ಲಾಟೋ ರೋಸಾ ಎಂಬಲ್ಲಿ ಸುಮಾರು 3480 ಮೀಟರ್ ಎತ್ತರದಲ್ಲಿದೆ. ಪಕ್ಕದ ಕ್ಲೈನ್ ಮ್ಯಾಟರ್‌ಹಾರ್ನ್ ನಿಲ್ದಾಣ 3883 ಮೀಟರ್. ಜೆರ್ಮಾಟ್‌ನಲ್ಲಿ ಉಳಿದವರು ಬೆಳಿಗ್ಗೆ ಇಟಲಿಗೆ ಜಾರಿ ಬಂದರೆಂದು ಇಟ್ಟುಕೊಳ್ಳಿ. ಚೆರ್ವಿನಿಯಾದಲ್ಲಿ ಊಟ ಮುಗಿಸಿ ವಾಪಸು ಹೊರಟಾಗ, ಊರಿನಿಂದ ಪ್ಲಾನ್ ಮೇಸೋಂ, ಅಲ್ಲಿಂದ ಚಿಮೆ ಬಿಯಾಂಕೆ ಸರೋವರಗಳ ಬಳಿಯ ನಿಲ್ದಾಣ, ಅಲ್ಲಿಂದ ಪ್ಲಾಟೋ ರೋಸಾ, ಹೀಗೆ ಒಂದರ ಮೇಲೊಂದು ಮೂರು ಸವಾರಿ ಹತ್ತಬೇಕು. ಪ್ರತಿಯೊಂದರ ಬಾಗಿಲಲ್ಲೂ ಸಾಲು, ಪ್ರತಿಯೊಂದಕ್ಕೂ ಒಂದು ಕೊನೆಯ ಹೊತ್ತು. ಮೂರನೆಯದು ಬಯಲಿಗೆ ಮೈಯೊಡ್ಡಿದ ಬೆಟ್ಟದ ಏಣಿನ ಮೇಲೆ ಹೋಗುವುದರಿಂದ, ಗಾಳಿ ಜೋರಾದರೆ ಹೊತ್ತು ಮುಗಿಯುವ ಮೊದಲೇ ನಿಲ್ಲಬಹುದು. ನಿಂತರೆ ಕಾಲ್ನಡಿಗೆಯ ಪ್ರಶ್ನೆಯೇ ಇಲ್ಲ. ಟ್ಯಾಕ್ಸಿ ಹಿಡಿದು ಕಣಿವೆ ಇಳಿದು, ಆವೊಸ್ಟಾ ದಾಟಿ, ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗದಲ್ಲಿ ಗಡಿ ದಾಟಿ, ರೋನ್ ನದಿಯ ಕಣಿವೆಯುದ್ದಕ್ಕೂ ಸಾಗಿ, ಮತ್ತೊಂದು ಕಣಿವೆ ಹತ್ತಿ ಟೇಷ್ ಎಂಬ ಹಳ್ಳಿ ಮುಟ್ಟಬೇಕು. ಕಣ್ಣೆದುರಿಗಿನ ಬೆಟ್ಟದ ಬೆನ್ನಿಗಿರುವ ಊರಿಗೆ 200 ಕಿಲೋಮೀಟರಿಗೂ ಹೆಚ್ಚಿನ ಸುತ್ತು. ಅಲ್ಲಿಂದ ಮುಂದೆ ರೈಲು, ಏಕೆಂದರೆ ಜೆರ್ಮಾಟ್‌ನೊಳಕ್ಕೆ ಹೊರಗಿನ ಕಾರುಗಳನ್ನು ಬಿಡುವುದಿಲ್ಲ.

ಇದು ಅಪರೂಪದ ಅಪಾಯ, ಅದನ್ನೇ ಹಿಡಿದು ಹೆದರಿಸುವುದು ಸರಿಯಲ್ಲ ಎನ್ನಬಹುದು. ಅಪರೂಪವೇನೂ ಅಲ್ಲ ಎನ್ನುವುದಕ್ಕೆ ಎಲ್ಲರಿಗೂ ತಿಳಿದ ಒಂದು ನಿದರ್ಶನವಿದೆ. ಇದೇ ಬೆಟ್ಟದಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಶುರುವಾಗಿ ಇಟಲಿಯಲ್ಲಿ ಮುಗಿಯುವ ವಿಶ್ವಕಪ್ ಡೌನ್‌ಹಿಲ್ ಪಂದ್ಯಗಳನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಗೊತ್ತುಮಾಡಿತು. ಎರಡು ದೇಶಗಳ ಮೊದಲ ಪಂದ್ಯ ಎಂದು ಪ್ರಚಾರವೂ ಭರ್ಜರಿಯಾಗಿತ್ತು. 2022ರಲ್ಲಿ ಹಿಮ ಸಾಲದೆ ನಾಲ್ಕೂ ಪಂದ್ಯ ರದ್ದಾದವು. 2023ರಲ್ಲಿ ಹಿಮ ಬೇಕಾದಷ್ಟಿತ್ತು, ಗಾಳಿಯೂ ಬೇಕಾದಷ್ಟಿತ್ತು; ಮತ್ತೆ ನಾಲ್ಕೂ ರದ್ದು. ಆಮೇಲೆ ಪಂದ್ಯವನ್ನು ವೇಳಾಪಟ್ಟಿಯಿಂದಲೇ ಕೈಬಿಟ್ಟರು. ಅವು ಅಕ್ಟೋಬರ್ ಕೊನೆಯ ಮತ್ತು ನವೆಂಬರಿನ ಪಂದ್ಯಗಳು, ಪಂದ್ಯಕ್ಕೆ ಬೇಕಾದ ಸುರಕ್ಷತೆಯ ಮಟ್ಟವೂ ಬೇರೆ, ಒಪ್ಪೋಣ. ಆದರೂ ಯಂತ್ರ, ಜನ, ಹಣ, ಹವಾಮಾನ ತಜ್ಞರು ಎಲ್ಲ ಇದ್ದವರಿಗೇ ಆ ನೆತ್ತಿ ಎರಡು ವರ್ಷ ಒಂದು ದಿನವನ್ನೂ ಬಿಟ್ಟುಕೊಡಲಿಲ್ಲ. ಆರು ದಿನದ ರಜೆಯಲ್ಲಿ ಇಂತಿಷ್ಟು ದಿನ ಆಚೆ ಎಂದು ಬೆಂಗಳೂರಿನಲ್ಲಿ ಕುಳಿತು ಬರೆದಿಡುವುದಕ್ಕೆ ಆಧಾರವೇನು? ಗಡಿಗೆರೆಯೇ ಅಲ್ಲಿ ಸ್ಥಿರವಾಗಿಲ್ಲ ಎಂಬುದು ಈ ಕತೆಗೆ ಸೇರಿಕೊಂಡ ತಮಾಷೆ. ನೀರು ಯಾವ ಕಡೆ ಹರಿಯುತ್ತದೆ ಎಂಬುದರ ಮೇಲೆ ಅಲ್ಲಿ ಗಡಿ ನಿಂತಿದೆ. ಥಿಯೋಡುಲ್ ಹಿಮನದಿ ಕರಗಿ ಕುಗ್ಗಿದಂತೆ ಆ ನೀರುಹಂಚಿನ ಗೆರೆ ಸರಿದು, 1984ರಲ್ಲಿ ಇಟಲಿಯ ನೆಲದಲ್ಲಿ ಕಟ್ಟಿದ್ದ ಒಂದು ತಂಗುಮನೆಯ ಬಹುಭಾಗ ಲೆಕ್ಕದ ಪ್ರಕಾರ ಸ್ವಿಟ್ಜರ್‌ಲೆಂಡಿಗೆ ಬಂದುಬಿಟ್ಟಿತ್ತು! ಎರಡೂ ಸರ್ಕಾರಗಳು ಮಾತಾಡಿಕೊಂಡು 2023ರಲ್ಲಿ ಗಡಿ ತಿದ್ದುವ ಒಪ್ಪಂದಕ್ಕೆ ಬಂದವು. 2024ರಲ್ಲಿ ಸ್ವಿಸ್ ಸರ್ಕಾರ ಅದಕ್ಕೆ ಮುದ್ರೆ ಒತ್ತಿತು.

ಹಾಗಾದರೆ ಯಾವ ಕಡೆ? ಚೆರ್ವಿನಿಯಾ 2050 ಮೀಟರ್ ಎತ್ತರದ ಊರು. ಅದರ ದಾರಿಗಳು ಅಗಲ, ಹೆಚ್ಚಿನವು ಸೌಮ್ಯ. ಪ್ಲಾನ್ ಮೇಸೋಂ ಸುತ್ತಲಿನ ಬಯಲು ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ. ಮಿಲಾನ್, ಟ್ಯೂರಿನ್ ವಿಮಾನ ನಿಲ್ದಾಣಗಳಿಂದ ಬಸ್ಸು, ಕಾರು ನೇರ ಊರೊಳಗೇ ಬರುತ್ತವೆ. ವಸತಿ, ಊಟ, ಕಾಫಿ, ತರಬೇತಿ ಎಲ್ಲ ಆಚೆಗಿಂತ ಅಗ್ಗ. ಕೊರತೆಯೆಂದರೆ, ಸ್ಕೀ ಮಾಡದವರಿಗೆ ಅಲ್ಲಿ ಎರಡನೆಯ ದಿನಕ್ಕೇ ಬೇಸರ ಬರುತ್ತದೆ. ಊರೂ ಅಂಥ ಚೆಂದವಿಲ್ಲ. ಜೆರ್ಮಾಟ್ ಅದಕ್ಕೆ ತದ್ವಿರುದ್ಧ. ಮರದ ಹಳೆಯ ಮನೆಗಳ ಓಣಿ, ವಿದ್ಯುತ್ ಗಾಡಿಗಳು, 1898ರಿಂದ 3089 ಮೀಟರ್ ಎತ್ತರದ ಗೋರ್ನರ್‌ಗ್ರಾಟ್‌ಗೆ ಹತ್ತುವ ಹಲ್ಲುಗಾಲಿಯ ರೈಲು, ಮ್ಯಾಟರ್‌ಹಾರ್ನ್‌ನ ಆ ಪ್ರಸಿದ್ಧ ಮುಖ. 1865ರಲ್ಲಿ ಶಿಖರವನ್ನು ಮೊದಲು ಏರಿದ ಎಡ್ವರ್ಡ್ ವಿಂಪರ್ ತಂಡ ಹೊರಟದ್ದು ಇಲ್ಲಿಂದಲೇ. ಇಳಿಯುವಾಗ ಆ ತಂಡದ ನಾಲ್ವರು ಸತ್ತರು. ನಮ್ಮವರು ಹೋಗುವುದು ಸಾಮಾನ್ಯವಾಗಿ ಕುಟುಂಬದೊಂದಿಗೆ. ಅದರಲ್ಲಿ ಸ್ಕೀ ಕಟ್ಟುವವರು ಒಬ್ಬಿಬ್ಬರು, ಅಪ್ಪ ಅಮ್ಮ ನೋಡಲು ಬಂದವರು. ಆ ಲೆಕ್ಕ ಹಿಡಿದರೆ ಸ್ವಿಸ್ ಕಡೆಯ ದುಬಾರಿ ಕೋಣೆಗೂ ಅರ್ಥವಿದೆ. ಎಲ್ಲರೂ ಸ್ಕೀ ಕಲಿಯುವ ಹುರುಪಿನ ಗೆಳೆಯರ ಗುಂಪಾದರೆ ಇಟಲಿಯ ಕಡೆಯೇ ವಾಸಿ.

ಇಲ್ಲಿ ಜಾಣರು ಒಂದು ಮಾತು ಎತ್ತುತ್ತಾರೆ: ಅಗ್ಗದ ಚೆರ್ವಿನಿಯಾದಲ್ಲಿ ಮಲಗಿ, ದಿನಾ ಜೆರ್ಮಾಟ್‌ಗೆ ಜಾರಿ ಹೋಗಿ ಬಂದರಾಯಿತಲ್ಲ? ಕಾಗದದ ಮೇಲೆ ಇದಕ್ಕೆ ಉತ್ತರವಿಲ್ಲ, ಬೆಟ್ಟದ ಮೇಲೆ ಇದೆ. ಸ್ಥಳೀಯ ಪಾಸಿಗಿಂತ ಎರಡೂ ದೇಶದ ಪಾಸಿಗೆ ಬೆಲೆ ಹೆಚ್ಚು. ವಾರಕ್ಕೆಲ್ಲ ಅದನ್ನೇ ಕೊಂಡು, ಮೂರು ದಿನ ನೆತ್ತಿ ಮುಚ್ಚಿದ್ದರೆ ಉಳಿಸಿದ ಬಾಡಿಗೆ ಅಲ್ಲೇ ಕರಗುತ್ತದೆ. ತೆರೆದ ದಿನವೂ ಹೋಗಿಬರುವ ಸವಾರಿಗಳಲ್ಲೇ ಹೊತ್ತಿನ ದೊಡ್ಡ ಪಾಲು ಕಳೆಯುತ್ತದೆ, ವಾಪಸಿನ ಗಡಿಯಾರ ತಲೆಯ ಮೇಲೆ ಕೂತಿರುತ್ತದೆ. ಚೆರ್ವಿನಿಯಾದ ದಾರಿಗಳೇ ಸಾಕು ಎನ್ನುವವರು ಅಲ್ಲಿ ಉಳಿಯಲಿ. ಜೆರ್ಮಾಟ್ ಬೇಕೇ ಬೇಕು ಎನ್ನುವವರು ಜೆರ್ಮಾಟ್‌ನಲ್ಲೇ ಉಳಿಯಲಿ. ಸ್ಥಳೀಯ ಪಾಸು ಕೊಂಡು, ಹವಾಮಾನ ನೋಡಿ ಒಂದು ದಿನಕ್ಕೆ ಹೆಚ್ಚುವರಿ ಹಣ ಕಟ್ಟಿ ಗಡಿ ದಾಟುವ ಅನುಕೂಲ ಇದ್ದೇ ಇದೆ. ಹಾಗಿದ್ದರೆ ಎರಡು ದೇಶದ ದೊಡ್ಡ ತಾಣವೇ ಏಕೆ, ಸಣ್ಣ ಊರು ಸಾಲದೇ ಎಂದು ಕೇಳುವುದು ನ್ಯಾಯವೇ. ದೊಡ್ಡ ತಾಣದ ಲಾಭ ಉದ್ದದಲ್ಲಿಲ್ಲ, ಎತ್ತರದಲ್ಲಿದೆ. ಬೆಚ್ಚಗಿನ ಚಳಿಗಾಲಗಳಲ್ಲಿ ತಗ್ಗಿನ ಊರುಗಳು ಹಸಿರು ಹುಲ್ಲು ತೋರಿಸುತ್ತಿರುವಾಗ ಇಲ್ಲಿ ಮೇಲುಭಾಗದಲ್ಲಿ ಹಿಮ ಇರುತ್ತದೆ. ಬೇಸಿಗೆಯಲ್ಲೂ ಹಿಮನದಿಯ ಮೇಲೆ ಸ್ಕೀಯಿಂಗ್ ನಡೆಯುವ ಜಾಗ ಇದು. 2022ರ ಬಿರುಬಿಸಿಲಿಗೆ ಮಾತ್ರ ಅದನ್ನೂ ನಿಲ್ಲಿಸಬೇಕಾಗಿ ಬಂತು.

ಕಾಗದಪತ್ರದ ವಿಷಯಕ್ಕೆ ಬಂದರೆ ಮಲಗುವ ಕಡೆಯ ಪ್ರಶ್ನೆ ಕಾನೂನೇ ಆಗಿಬಿಡುತ್ತದೆ. ಸ್ವಿಟ್ಜರ್‌ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಆದರೆ 2008ರಿಂದ ಷೆಂಗೆನ್ ವಲಯದಲ್ಲಿದೆ. ಹೀಗಾಗಿ ನೆತ್ತಿಯ ಮೇಲೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಕೇಳುವವರಿಲ್ಲ, ಒಂದೇ ವೀಸಾ ಸಾಕು. ಆ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ಅರ್ಜಿ ಸ್ವಿಸ್‌ಗೆ ಹಾಕಿ ಹೋಟೆಲ್ಲೆಲ್ಲ ಇಟಲಿಯಲ್ಲಿ ತೋರಿಸಿದರೆ ಅಧಿಕಾರಿಗಳು ಹುಬ್ಬೇರಿಸುವುದು ಸಹಜ. ಭಾರತೀಯ ಪಾಸ್‌ಪೋರ್ಟಿನ ಲಂಡನ್ ಕನ್ನಡಿಗರಿಗೂ ಇದೇ ನಿಯಮ. ಜರ್ಮನಿಯಲ್ಲಿ ವಾಸದ ಪರವಾನಗಿ ಪಡೆದವರಿಗೆ ಈ ತಾಪತ್ರಯವಿಲ್ಲ. ವೀಸಾಕ್ಕೆ ಕನಿಷ್ಠ 30,000 ಯೂರೋಗಳ ಪ್ರವಾಸ ವಿಮೆ ಬೇಕು. ಆದರೆ ವೀಸಾಕ್ಕೆಂದು ಕೊಳ್ಳುವ ಅಗ್ಗದ ಪಾಲಿಸಿಗಳಲ್ಲಿ ಎಷ್ಟೋ ಸಲ ಸ್ಕೀಯಿಂಗ್ ಸೇರಿರುವುದಿಲ್ಲ. ಚಳಿಗಾಲದ ಕ್ರೀಡೆ ಎಂಬ ಮಾತು ಪಾಲಿಸಿಯಲ್ಲಿ ಇದೆಯೇ ಎಂದು ಓದಿಯೇ ಸಹಿ ಹಾಕಬೇಕು. ಸ್ವಿಸ್ ಕಡೆ ಕಾಲು ಮುರಿದರೆ ಎತ್ತಿಕೊಂಡು ಹೋಗಲು ಏರ್ ಜೆರ್ಮಾಟ್ ಹೆಲಿಕಾಪ್ಟರ್ ಬರುತ್ತದೆ. 1968ರಿಂದ ಆ ಸಂಸ್ಥೆಯ ಕೆಲಸಕ್ಕೆ ದೊಡ್ಡ ಹೆಸರಿದೆ, ಬಿಲ್ಲು ಮಾತ್ರ ಗಾಯಾಳುವಿಗೇ. ಇಟಲಿಯ ಕಡೆ ಇಳಿಜಾರಿಗೆ ಇಳಿಯಲು 2022ರಿಂದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 2025ರ ನವೆಂಬರಿನಿಂದ ಎಲ್ಲ ವಯಸ್ಸಿನವರಿಗೂ ಹೆಲ್ಮೆಟ್ ಕಡ್ಡಾಯ. ಸ್ವಿಸ್ ಕಡೆ ಹೆಲ್ಮೆಟ್‌ಗೆ ಕಾನೂನಿನ ಒತ್ತಾಯವಿಲ್ಲ. ಬರಿತಲೆಯಲ್ಲಿ ಹೊರಟವರು ಗೆರೆ ದಾಟಿದ ಕ್ಷಣದಲ್ಲಿ ತಪ್ಪಿತಸ್ಥರು. ಮೊಬೈಲಿನದೂ ಇದೇ ಪಾಡು. ಒಕ್ಕೂಟದ ದೇಶಗಳಿಗೆಂದು ಕೊಂಡ ಸಿಮ್ ನೆತ್ತಿಯ ಮೇಲೆ ಸ್ವಿಸ್ ಗೋಪುರ ಹಿಡಿದರೆ ಬೇರೆ ದರ ಬೀಳಬಹುದು.

ಇದನ್ನೆಲ್ಲ ಟ್ರಾವೆಲ್ ಏಜೆಂಟರು ನೋಡಿಕೊಳ್ಳುತ್ತಾರೆ ಎಂಬುದು ಕೊನೆಯ ಆಕ್ಷೇಪ. ಟಿಕೆಟ್ಟು, ಹೋಟೆಲು, ವೀಸಾ ಅರ್ಜಿ ಅವರು ನೋಡಿಕೊಳ್ಳಬಲ್ಲರು. ಆದರೆ ಎರಡು ದೇಶದ ವಾರದ ಪಾಸನ್ನು ಪ್ಯಾಕೇಜಿನೊಳಗೇ ಕಟ್ಟಿ ಮಾರುವುದು ಅವರಿಗೆ ಸುಲಭ, ಲಾಭವೂ ಹೆಚ್ಚು. ಮಂಗಳವಾರ ಗಾಳಿ, ಗುರುವಾರ ಬಿಸಿಲು ಎಂಬುದನ್ನು ಅಲ್ಲಿದ್ದವರೇ ನೋಡಿ ನಿರ್ಧರಿಸಬೇಕು. ದಾಟುವ ದಿನವನ್ನು ವಾರದ ನಡುವಿಗೆ ಇಟ್ಟುಕೊಂಡರೆ ಮೈಯೂ ಹೊಂದಿಕೊಂಡಿರುತ್ತದೆ. 3883 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಎರಡು ಭಾಗಕ್ಕೂ ಕಡಿಮೆ. ವಿಮಾನ ಇಳಿದ ಮರುದಿನವೇ ಅಲ್ಲಿಗೆ ಹತ್ತಿದರೆ ತಲೆನೋವು, ವಾಕರಿಕೆ ಬರುವುದುಂಟು. ತಿಂಗಳಿನ ವಿಷಯದಲ್ಲಿ ಮಾರ್ಚ್ ಮೇಲು. ಫೆಬ್ರವರಿಯಲ್ಲಿ ಯುರೋಪಿನ ಶಾಲೆಗಳ ರಜೆ, ಕೋಣೆಯ ದರ ಏರಿರುತ್ತದೆ, ಸಾಲುಗಳೂ ಉದ್ದ. ಮಾರ್ಚಿನಲ್ಲಿ ಹಗಲು ಹಿಗ್ಗಿರುತ್ತದೆ. ಸ್ಕೀ ಕಟ್ಟದ ಮನೆಮಂದಿಯೂ 2023ರ ಜುಲೈಯಿಂದ ಕೇಬಲ್ ಕಾರಿನಲ್ಲೇ ಕುಳಿತು ಜೆರ್ಮಾಟ್‌ನಿಂದ ಚೆರ್ವಿನಿಯಾಗೆ ಬರಬಹುದು, ಹಾಗಾಗಿ ಎಲ್ಲರೂ ಒಟ್ಟಿಗೆ ಊಟಕ್ಕೆ ಸೇರಬಹುದು. ಸಸ್ಯಾಹಾರಿಗಳಿಗೆ ಅಲ್ಲೊಂದು ಎಚ್ಚರಿಕೆ: ಆವೊಸ್ಟಾ ಕಣಿವೆಯ ಹೆಸರಾಂತ ಫೊಂಟೀನಾ ಚೀಸಿಗೆ ಹೆಪ್ಪಾಗಿ ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಟೊಮೆಟೊ ಪಾಸ್ತಾಕ್ಕೆ ಚೀಸ್ ಉದುರಿಸಬೇಡಿ ಎಂದು ಮೊದಲೇ ಹೇಳಬೇಕಾಗುತ್ತದೆ. ಊಟವನ್ನು ಹನ್ನೆರಡಕ್ಕೇ ಶುರುಮಾಡಿ, ಎರಡು ಗಂಟೆ ಹೊಡೆಯುವುದರೊಳಗೆ ಎಲ್ಲರೂ ಮೇಲಿನ ನಿಲ್ದಾಣದ ದಾರಿ ಹಿಡಿದಿರಬೇಕು.