ಪಾದ ನೋಡುವ ಹೊತ್ತು

ದೇವದುರ್ಗದ ಒಂದು ಮನೆಯ ಪಡಸಾಲೆಯಲ್ಲಿ, ಮನೆಗೇ ಬಂದು ರೋಗಿಗಳನ್ನು ನೋಡುವ ನರ್ಸ್ ಸಿಸ್ಟರ್ ನೆಲದ ಮೇಲೆಯೇ ಕೂತರು. ಗೋಡೆಗೆ ಒರಗಿದ್ದ ಅಜ್ಜಿಯ ಬಲಪಾದವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡತೊಡಗಿದರು. ನಾನೂ ನೋಡಿದೆ. ಹಿಮ್ಮಡಿ ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಬಿರುಕಿನ ಅಂಚು ಬೂದು, ಆಳದಲ್ಲಿ ನಸುಗೆಂಪು. ಹೆಬ್ಬೆರಳ ಬುಡದಲ್ಲಿ ಹಳದಿಗಟ್ಟಿದ ಆಣಿ. ಕಿರುಬೆರಳ ಸಂದಿಯಲ್ಲಿ ತೇವ ನಿಂತು ಬೆಳ್ಳಗಾದ ಚರ್ಮ. ಸಿಸ್ಟರ್ ಹತ್ತಿಯಿಂದ ಆ ಸಂದಿಯನ್ನು ಒತ್ತಿ ಒತ್ತಿ ಒಣಗಿಸಿದರು, ಉಜ್ಜಲಿಲ್ಲ.

ಆಮೇಲೆ ಚೀಲದಿಂದ ನೈಲಾನ್ ಎಳೆ ಹೊರಬಂತು. ಚರ್ಮಕ್ಕೆ ನೇರ ಒತ್ತಿದರೆ 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ.

"ಕಣ್ ಮುಚ್ಚ್ರಿ ಯವ್ವಾ. ಮುಟ್ಟಿದ್ದು ಗೊತ್ತಾತಂದ್ರ ಹ್ಞೂಂ ಅನ್ರಿ."

ಎಡಪಾದದಲ್ಲಿ ಹ್ಞೂಂ ತಡವಾಗಿಯಾದರೂ ಬಂತು. ಬಲ ಹೆಬ್ಬೆರಳಿನ ಮೇಲೆ ಎಳೆ ಬಾಗಿತು, ನೆಟ್ಟಗಾಯಿತು, ಮತ್ತೆ ಬಾಗಿತು. ಇನ್ನೂ ಮುಟ್ಟಿಯೇ ಇಲ್ಲವೆಂದುಕೊಂಡು ಅಜ್ಜಿ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಮೊದಲು ಸೋಲುವುದು ದೇಹದ ಅತಿ ಉದ್ದದ ನರಗಳು. ಅವು ಕೊನೆಯಾಗುವುದು ಕಾಲ್ಬೆರಳುಗಳಲ್ಲಿ. ಜಾಲಿಮುಳ್ಳು ನೆಟ್ಟರೂ ಅಂಗಳದ ಕಾದ ಬಂಡೆ ಸುಟ್ಟರೂ ಸುದ್ದಿ ಮೇಲೆ ಬರುವುದಿಲ್ಲ. ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಇನ್ಸುಲಿನ್ ಕೂಡ ಆ ಕಾವಿಗೆ ಕೆಡುತ್ತದೆ. ಈ ಮನೆಯಲ್ಲಿ ಫ್ರಿಜ್ ಇಲ್ಲ. ಸಿಸ್ಟರ್ ಅಜ್ಜಿಯ ಇನ್ಸುಲಿನ್ ಶೀಶೆಯನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒದ್ದೆ ಮರಳು ತುಂಬಿದ ಮಣ್ಣಿನ ಗಡಿಗೆಯೊಳಗೆ ಇಳಿಸಿ, ನೆರಳಿನ ಮೂಲೆ ಹುಡುಕಿ ಇಟ್ಟರು.

ಮಾನ್ವಿಯ ತಾತನಲ್ಲಿ ನೋಡಬೇಕಾದದ್ದು ಬೇರೆಯೇ ಇತ್ತು. ಆ ದಿನ ತಾತ ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದರು. ವಯಸ್ಸಿನ ಮರೆವು ಅಂದರು ಮನೆಯವರು. ಸಿಸ್ಟರ್ ಬೆರಳು ಚುಚ್ಚಿದರು: ಸಕ್ಕರೆ 70ಕ್ಕಿಂತ ಕೆಳಗೆ. ಮುದಿ ದೇಹದಲ್ಲಿ ಬೆವರು, ನಡುಕ ಕಾಣದೆಯೇ ಹೀಗೆ ಬುದ್ಧಿ ಮಂಕಾಗುವುದುಂಟು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, 15 ನಿಮಿಷ ಕಾದು, ಮತ್ತೆ ಚುಚ್ಚಿ ನೋಡಿದರು. ತಾತನ ಕಣ್ಣು ನಿಧಾನಕ್ಕೆ ಮೊಮ್ಮಗನ ಮೇಲೆ ನೆಲೆಸಿತು. ಅಂದು ತಾತನಿಗೆ ಸೋಮವಾರದ ಒಪ್ಪತ್ತು, ಆದರೆ ಸಕ್ಕರೆ ಮಾತ್ರೆ ಎಂದಿನಷ್ಟೇ ನುಂಗಿದ್ದರು. ಸಕ್ಕರೆ ಅಳತೆ ಬರೆಯುವ ತಾತನ ಕಾರ್ಡಿನಲ್ಲಿ ವಾರವನ್ನು ಬರೆಯಲು ಜಾಗವಿರಲಿಲ್ಲ. ಸಿಸ್ಟರ್ ಅಂಚಿನಲ್ಲಿ 'ಸೋಮವಾರ' ಎಂದು ಬರೆದು ಡಾಕ್ಟರಿಗೆ ಫೋನ್ ಹಚ್ಚಿದರು. ನನ್ನ ಕಣ್ಣಿಗೆ ಆ ಕಾರ್ಡಿನಲ್ಲಿ ಎಲ್ಲಕ್ಕಿಂತ ತೂಕದ ಬರಹ ಅದೇ.

ಸಕ್ಕರೆ ಕಾಯಿಲೆಯಿರುವ ಹಿರಿಯರ ಪಾದವನ್ನು ವರ್ಷಕ್ಕೊಮ್ಮೆಯಾದರೂ ದೇವದುರ್ಗದ ಅಜ್ಜಿಯದ್ದನ್ನು ನೋಡಿದ ಹಾಗೆ ಪರೀಕ್ಷಿಸಬೇಕು. ಬಾಗಿ ತಮ್ಮ ಅಂಗಾಲು ನೋಡಿಕೊಳ್ಳಲಾಗದವರದ್ದನ್ನು ಮನೆಯ ಮಕ್ಕಳು, ಮೊಮ್ಮಕ್ಕಳು ದಿನವೂ ಬೆಳಕಿನಲ್ಲಿ ನೋಡಲಿ.