ಇನ್ನೂರು ಮೀಟರುಗಳ ಆಚೆ: ವೇಶ್ಯಾವೃತ್ತಿಯ ಕಾನೂನು ಮತ್ತು ಸಭೆಯ ನೆನಪು

ನಮ್ಮ ದೇಶದ ಅನೈತಿಕ ವ್ಯವಹಾರ (ತಡೆ) ಅಧಿನಿಯಮದ ಏಳನೆಯ ಕಲಮಿನಲ್ಲಿ ದೇವಾಲಯಗಳ ಪ್ರಸ್ತಾಪವಿದೆ. ಸಾರ್ವಜನಿಕ ಆರಾಧನೆಯ ಸ್ಥಳ, ವಿದ್ಯಾಸಂಸ್ಥೆ, ಆಸ್ಪತ್ರೆ ಮುಂತಾದವುಗಳಿಂದ 200 ಮೀಟರುಗಳೊಳಗೆ ವೇಶ್ಯಾವೃತ್ತಿ ನಡೆಸುವವರೂ ಅವರೊಡನೆ ಅದರಲ್ಲಿ ಭಾಗಿಗಳಾಗುವವರೂ ಮೂರು ತಿಂಗಳವರೆಗಿನ ಸೆರೆವಾಸಕ್ಕೆ ಗುರಿಯಾಗುತ್ತಾರೆ. ಆರಾಧನೆಯ ಗೌರವವನ್ನು ಕಾಯುವ ಸದುದ್ದೇಶದಿಂದಲೇ ಈ ಅಳತೆಯನ್ನು ಇಟ್ಟಿರಬೇಕು. ಆದರೆ ಸಭೆಯ ಬಾಗಿಲಿನಿಂದ ಸರ್ಕಾರವು ದೂರವನ್ನು ಅಳೆಯತೊಡಗಿದಾಗ, ಆ ಗೆರೆಯ ಆಚೆ ನಿಂತ ಸ್ತ್ರೀಯ ವಿಷಯದಲ್ಲಿ ನಮಗೆ ಹೇಳಲು ಏನಾದರೂ ಇದೆಯೇ ಎಂದು ನಾವು ಕೇಳಿಕೊಳ್ಳಬೇಕಾಗುತ್ತದೆ. ವೇಶ್ಯಾವೃತ್ತಿಯು ಪಾಪವೆಂಬುದು ಸಭೆಯ ಸ್ಪಷ್ಟ ಬೋಧನೆ. ಅದನ್ನು ಕಾನೂನು ಹೇಗೆ ಎದುರಿಸಬೇಕೆಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಆದ ಹಾನಿಗೆ ಸಭೆಯ ಇತಿಹಾಸದಲ್ಲಿಯೇ ಸಾಕಷ್ಟು ಸಾಕ್ಷ್ಯವಿದೆ.

ಮೊದಲು ನಮ್ಮ ಕಾನೂನಿನ ಸ್ವರೂಪವನ್ನು ಸರಿಯಾಗಿ ತಿಳಿಯೋಣ. 1950ರ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಅನುಸರಿಸಿ 1956ರಲ್ಲಿ ರಚಿತವಾಗಿ, 1986ರಲ್ಲಿ ಈಗಿನ ಹೆಸರನ್ನು ಪಡೆದ ಈ ಅಧಿನಿಯಮವು ವೇಶ್ಯಾವೃತ್ತಿಯನ್ನು ನೇರವಾಗಿ ನಿಷೇಧಿಸುವುದಿಲ್ಲ. ವೇಶ್ಯಾಗೃಹವನ್ನು ನಡೆಸುವುದು, ಈ ವೃತ್ತಿಗಾಗಿ ಜನರನ್ನು ಒದಗಿಸುವುದು, ಕೂಡಿಹಾಕುವುದು, ಇನ್ನೊಬ್ಬರ ಈ ಗಳಿಕೆಯಿಂದ ಜೀವಿಸುವುದು, ಇವು ಅಪರಾಧಗಳು. ಇಷ್ಟನ್ನೇ ಓದಿದರೆ ಶಿಕ್ಷೆಯೆಲ್ಲ ಶೋಷಕರಿಗೆ ಮೀಸಲೆಂದು ತೋರುತ್ತದೆ. ಎಂಟನೆಯ ಕಲಮಿಗೆ ಬಂದಾಗ ಚಿತ್ರ ಬದಲಾಗುತ್ತದೆ. ಸಾರ್ವಜನಿಕ ಸ್ಥಳದಲ್ಲಿ, ಅಥವಾ ಅಲ್ಲಿಗೆ ಕಾಣುವಂತೆ ಕಿಟಕಿಯಲ್ಲೋ ಮೊಗಸಾಲೆಯಲ್ಲೋ ಕುಳಿತು ಗಿರಾಕಿಯನ್ನು ಕರೆಯುವ ಸ್ತ್ರೀಗೆ ಮೊದಲ ಸಲ ಆರು ತಿಂಗಳವರೆಗೆ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸಬಹುದು. ಅದೇ ಅಪರಾಧವನ್ನು ಪುರುಷನು ಮಾಡಿದರೆ ಕನಿಷ್ಠ ಏಳು ದಿನ, ಗರಿಷ್ಠ ಮೂರು ತಿಂಗಳು. ನಾಲ್ಕನೆಯ ಕಲಮೂ ಗಮನಾರ್ಹ: ಗಳಿಕೆಯಿಂದ ಜೀವಿಸುವವನೆಂದರೆ ತಲೆಹಿಡುಕನೇ ಎಂದು ನಾವು ಊಹಿಸುತ್ತೇವೆ, ಆದರೆ ಅದರ ಮಾತುಗಳು ಎಷ್ಟು ವಿಶಾಲವೆಂದರೆ, ತಾಯಿಯ ಗಳಿಕೆಯಲ್ಲಿ ಓದುತ್ತಿರುವ ಹದಿನೆಂಟು ತುಂಬಿದ ಮಗನೂ ಅದರ ವ್ಯಾಪ್ತಿಗೆ ಬರಬಹುದು.

2022ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯವು ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ನೀಡಿದ ನಿರ್ದೇಶನಗಳಿಂದ ಈ ಚರ್ಚೆ ನಮ್ಮಲ್ಲಿ ಮತ್ತೆ ತಲೆಯೆತ್ತಿತು. ಆ ಮೊಕದ್ದಮೆಯ ಮೂಲ 1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಒಬ್ಬ ಸ್ತ್ರೀಯ ಕೊಲೆ. ಕೊಲೆಗಾರನ ಮೇಲ್ಮನವಿಯನ್ನು 2011ರಲ್ಲಿ ತಳ್ಳಿಹಾಕಿದ ನ್ಯಾಯಾಲಯವು ಅಷ್ಟಕ್ಕೇ ನಿಲ್ಲದೆ, ಇಂಥ ಸ್ತ್ರೀಯರ ಬದುಕಿನ ಕುರಿತು ವರದಿ ಮಾಡಲು ಒಂದು ಸಮಿತಿಯನ್ನು ನೇಮಿಸಿತು. ಸಂವಿಧಾನದ 21ನೆಯ ವಿಧಿಯು ಆಶ್ವಾಸನೆ ಕೊಡುವ ಘನತೆಯ ಬದುಕು ಇವರಿಗೂ ಸಲ್ಲುತ್ತದೆ, ಪೊಲೀಸರು ಇವರನ್ನು ಘನತೆಯಿಂದ ಕಾಣಬೇಕು ಎಂಬುದು 2022ರ ನಿರ್ದೇಶನದ ತಿರುಳು. ಭಾರತದಲ್ಲಿ ವೇಶ್ಯಾವೃತ್ತಿ ಶಾಸನಬದ್ಧವಾಯಿತೆಂದು ಆಗ ಕೆಲವೆಡೆ ಸಂಭ್ರಮವೂ ಕೆಲವು ವೇದಿಕೆಗಳಿಂದ ಖಂಡನೆಯೂ ಕೇಳಿಬಂದವು. ಎರಡೂ ತಪ್ಪು. ಸಮಿತಿಯ ಕೆಲವು ಶಿಫಾರಸುಗಳಿಗೆ ಕೇಂದ್ರ ಸರ್ಕಾರ ಆಕ್ಷೇಪವೆತ್ತಿತ್ತು. ಅಧಿನಿಯಮದ ಒಂದು ಕಲಮೂ ರದ್ದಾಗಲಿಲ್ಲ. ಪ್ರಸಂಗಪೀಠದಿಂದ ಕಾನೂನಿನ ಕುರಿತು ಮಾತಾಡುವವರು ಕಾನೂನನ್ನು ಒಮ್ಮೆಯಾದರೂ ಓದಿರಬೇಕು.

ಮಕ್ಕಳನ್ನು ಈ ವೃತ್ತಿಗೆ ದೂಡುವುದು, ಬಲಾತ್ಕಾರದಿಂದಲೋ ವಂಚನೆಯಿಂದಲೋ ಸ್ತ್ರೀಯರನ್ನು ಸಾಗಿಸುವುದು ಘೋರ ಅಪರಾಧವೆಂಬುದರಲ್ಲಿ ಯಾವ ಪಕ್ಷಕ್ಕೂ ಭಿನ್ನಾಭಿಪ್ರಾಯವಿಲ್ಲ. ವಾದವಿರುವುದು ವಯಸ್ಕರ ವಿಷಯದಲ್ಲಿ. ಸ್ವೀಡನ್ 1999ರ ಜನವರಿ 1ರಿಂದ ಕೊಳ್ಳುವವನನ್ನು ಅಪರಾಧಿಯೆಂದೂ ಮಾರುವವಳನ್ನು ನಿರಪರಾಧಿಯೆಂದೂ ಎಣಿಸಿತು. ನಾರ್ವೆ, ಐಸ್‌ಲೆಂಡ್, 2016ರಲ್ಲಿ ಫ್ರಾನ್ಸ್, 2017ರಲ್ಲಿ ಐರ್ಲೆಂಡ್ ಅದೇ ದಾರಿ ಹಿಡಿದವು. ನ್ಯೂಜಿಲೆಂಡ್ 2003ರಲ್ಲಿ ಇಬ್ಬರನ್ನೂ ಶಿಕ್ಷೆಯಿಂದ ಬಿಡುಗಡೆಮಾಡಿ, ಈ ವೃತ್ತಿಯನ್ನು ಇತರ ದುಡಿಮೆಗಳ ನಿಯಮಗಳಿಗೆ ಒಳಪಡಿಸಿತು. ಆ ಮಸೂದೆ ಅಲ್ಲಿನ ಸಂಸತ್ತಿನಲ್ಲಿ 60ಕ್ಕೆ 59 ಮತಗಳಿಂದ, ಅಂದರೆ ಒಂದೇ ಮತದ ಅಂತರದಿಂದ ಅಂಗೀಕಾರವಾಯಿತು. ತಾತ್ಕಾಲಿಕ ವೀಸಾದ ಮೇಲೆ ಬಂದ ಪರದೇಶಿಯರಿಗಂತೂ ಆ ಬಿಡುಗಡೆ ಇಂದಿಗೂ ಅನ್ವಯಿಸುವುದಿಲ್ಲ. ಜರ್ಮನಿಯು 2002ರಲ್ಲಿ ಇದನ್ನು ಸಕ್ರಮ ಒಪ್ಪಂದವೆಂದು ಮನ್ನಿಸಿ, 2017ರಿಂದ ನೋಂದಣಿಯನ್ನೂ ಆರೋಗ್ಯ ಸಲಹೆಯನ್ನೂ ಕಡ್ಡಾಯಗೊಳಿಸಿತು. ಫ್ರಾನ್ಸಿನ ಕಾನೂನು ತಮ್ಮನ್ನು ಅಪಾಯಕ್ಕೆ ದೂಡುತ್ತಿದೆಯೆಂದು ಈ ವೃತ್ತಿಯಲ್ಲಿರುವವರೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಲೇರಿದರು. 2024ರ ಜುಲೈಯಲ್ಲಿ ಆ ನ್ಯಾಯಾಲಯವು ಹಕ್ಕಿನ ಉಲ್ಲಂಘನೆಯಾಗಿಲ್ಲವೆಂದು ತೀರ್ಪಿತ್ತಿತು. ವಾದ ಅಲ್ಲಿಗೂ ಮುಗಿದಿಲ್ಲ.

ಈ ವಾದದಲ್ಲಿ ಕ್ರೈಸ್ತರು ಹೊಸಬರೇನಲ್ಲ. ದೀಕ್ಷಾಸ್ನಾನ ಹೊಂದುವ ಮುನ್ನ, 386ರಲ್ಲಿ ಬರೆದ ‘ಕ್ರಮದ ಕುರಿತು’ ಎಂಬ ಗ್ರಂಥದಲ್ಲಿ ಆಗಸ್ಟೀನನು, ವೇಶ್ಯೆಯರನ್ನು ಸಮಾಜದಿಂದ ತೆಗೆದುಹಾಕಿದರೆ ಕಾಮವು ಎಲ್ಲೆಲ್ಲಿಯೂ ಹರಡಿ ಸಮಸ್ತವನ್ನೂ ಕದಡುವುದೆಂದು ವಾದಿಸಿದನು. ತೋಮಸ್ ಅಕ್ವಿನಾಸನು ತನ್ನ ‘ಸುಮ್ಮಾ’ದಲ್ಲಿ, ದೊಡ್ಡ ಕೇಡನ್ನು ತಪ್ಪಿಸಲು ಆಳುವವರು ಸಣ್ಣ ಕೇಡನ್ನು ಸಹಿಸಬಹುದೆಂಬುದಕ್ಕೆ ಈ ಮಾತನ್ನೇ ಆಧಾರವಾಗಿ ತೆಗೆದುಕೊಂಡನು. (ಅರಮನೆಯ ಕೊಚ್ಚೆಗುಂಡಿಯ ಹೋಲಿಕೆಯನ್ನು ಹಲವರು ಅಕ್ವಿನಾಸನದೆಂದೇ ಉದ್ಧರಿಸುತ್ತಾರೆ, ಅದು ಅವನು ಮುಗಿಸದೆ ಬಿಟ್ಟ ಗ್ರಂಥವನ್ನು ಮುಂದುವರಿಸಿದ ಲುಕ್ಕಾದ ಟಾಲಮಿಯ ಭಾಗದಲ್ಲಿದೆ.) ಈ ಸಹನೆಯ ಬೋಧನೆ ವ್ಯವಹಾರಕ್ಕಿಳಿದಾಗ ಏನಾಯಿತೆಂಬುದಕ್ಕೆ ಲಂಡನಿನ ಸದರ್ಕ್ ಉದಾಹರಣೆ. ಅಲ್ಲಿನ ವೇಶ್ಯಾಗೃಹಗಳು ವಿಂಚೆಸ್ಟರಿನ ಬಿಷಪರ ಅಧಿಕಾರಕ್ಕೊಳಪಟ್ಟ ನೆಲದಲ್ಲಿ, ಅವರದೇ ನ್ಯಾಯಸ್ಥಾನದ ನಿಯಮಗಳ ಕೆಳಗೆ ಶತಮಾನಗಳವರೆಗೆ ನಡೆದವು; 1546ರಲ್ಲಿ ಎಂಟನೆಯ ಹೆನ್ರಿ ಅವುಗಳನ್ನು ಮುಚ್ಚಿಸಿದನು. ಸಣ್ಣ ಕೇಡೆಂದು ಲೆಕ್ಕಹಾಕಿದವರು ಅದು ಯಾರ ಮೈಮೇಲೆ ಬೀಳುವುದೆಂದು ಲೆಕ್ಕಹಾಕಲಿಲ್ಲ.

ಲೂಥರನು ಈ ಸಹನೆಯನ್ನು ಒಪ್ಪಲಿಲ್ಲ. ಜರ್ಮನ್ ಪ್ರಭುವರ್ಗಕ್ಕೆ 1520ರಲ್ಲಿ ಬರೆದ ಮನವಿಯಲ್ಲಿ, ಪರಿಶುದ್ಧತೆಗಾಗಿ ದೀಕ್ಷಾಸ್ನಾನ ಹೊಂದಿದ ಜನರ ಊರಿನಲ್ಲಿ ಸಾರ್ವಜನಿಕ ವೇಶ್ಯಾಗೃಹವಿರುವುದು ಸಲ್ಲದೆಂದನು. ಔಗ್ಸ್‌ಬರ್ಗ್ ನಗರವು 1532ರಲ್ಲಿ ತನ್ನದನ್ನು ಮುಚ್ಚಿತು. ಆತನ ದೈವಶಾಸ್ತ್ರ ಸರಿಯಾದುದೆಂದೇ ನನ್ನ ಅಭಿಪ್ರಾಯ. ಆದರೆ ಮುಚ್ಚಿದ ಮನೆಯಿಂದ ಹೊರಬಿದ್ದ ಸ್ತ್ರೀಯರನ್ನು ನಗರದ ಶಿಸ್ತಿನ ಕಾನೂನು ಹಿಂಬಾಲಿಸಿತು. ಹಿಂದೆ ಅನುಮತಿ ಪಡೆದವರು ಈಗ ಅಪರಾಧಿಗಳಾದರು.

ಮೂರನೆಯ ದಾರಿಯೊಂದನ್ನು ತೋರಿಸಿದವರಲ್ಲಿ ಜೋಸೆಫೀನ್ ಬಟ್ಲರ್ (1828–1906) ಮುಖ್ಯರು. ಇವರ ಪತಿ ಜಾರ್ಜ್ ಬಟ್ಲರ್ ಆಂಗ್ಲಿಕನ್ ಸಭೆಯ ಗುರು. 1882ರಲ್ಲಿ ಅವರಿಗೆ ದೊರೆತ ಪದವಿ ವಿಂಚೆಸ್ಟರ್ ಪ್ರಧಾನಾಲಯದ ಕ್ಯಾನನ್ ಎಂಬುದು ಇತಿಹಾಸದ ಒಂದು ವಿಚಿತ್ರ. ಬ್ರಿಟನ್ನಿನಲ್ಲಿ 1864, 1866 ಮತ್ತು 1869ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಗಳು ಜಾರಿಗೆ ಬಂದವು. ಸೈನ್ಯದ ನೆಲೆಗಳಿರುವ ಊರುಗಳಲ್ಲಿ ಪೊಲೀಸನು ಒಬ್ಬ ಸ್ತ್ರೀಯನ್ನು ವೇಶ್ಯೆಯೆಂದು ಶಂಕಿಸಿದರೆ ಸಾಕು, ಅವಳು ಬಲವಂತದ ದೇಹಪರೀಕ್ಷೆಗೆ ಒಳಗಾಗಬೇಕಿತ್ತು. ರೋಗವಿದ್ದರೆ ಅವಳನ್ನು ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಸೈನಿಕನಿಗೆ ಈ ಕಾಯ್ದೆಗಳಡಿ ಪರೀಕ್ಷೆಯಿರಲಿಲ್ಲ. ಈ ವ್ಯತ್ಯಾಸವನ್ನು 1871ರ ರಾಜ ಆಯೋಗವು ಸಮರ್ಥಿಸಿಕೊಂಡ ರೀತಿ ಇನ್ನೂ ಆಶ್ಚರ್ಯಕರ: ಸ್ತ್ರೀಯು ಲಾಭಕ್ಕಾಗಿ ಮಾಡುತ್ತಾಳೆ, ಪುರುಷನದು ಸಹಜವಾದ ಪ್ರಚೋದನೆಯ ಅತಿರೇಕವಷ್ಟೇ, ಆದ್ದರಿಂದ ಇಬ್ಬರನ್ನೂ ಹೋಲಿಸಲಾಗದು ಎಂದು ಅದು ವಾದಿಸಿತು. ಬಟ್ಲರ್ ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ಹೋರಾಡಿದರು. 1886ರಲ್ಲಿ ಆ ಕಾಯ್ದೆಗಳು ರದ್ದಾದವು.

ನಮ್ಮ ನೆಲಕ್ಕೂ ಈ ಕಥೆ ಸೇರಿದೆ. 1864ರ ಕಂಟೋನ್ಮೆಂಟ್ ಕಾಯ್ದೆ ಮತ್ತು 1868ರ ಭಾರತೀಯ ಸಾಂಕ್ರಾಮಿಕ ರೋಗಗಳ ಕಾಯ್ದೆಗಳ ಮೂಲಕ ಇದೇ ವ್ಯವಸ್ಥೆ ಇಲ್ಲಿಯೂ ನಡೆಯಿತು. ಬೆಂಗಳೂರಿನ ದಂಡಿನಲ್ಲಿಯೂ ‘ಲಾಕ್ ಆಸ್ಪತ್ರೆ’ ಎಂದು ಕರೆಯಲಾಗುತ್ತಿದ್ದ ಅಂಥ ಆಸ್ಪತ್ರೆಯಿತ್ತು. ಬ್ರಿಟನ್ನಿನಲ್ಲಿ ಕಾಯ್ದೆ ರದ್ದಾದ ಅದೇ 1886ರಲ್ಲಿ, ಭಾರತದ ಸೈನ್ಯದ ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತು: ರೆಜಿಮೆಂಟಿನ ಬಜಾರುಗಳಲ್ಲಿ ಸ್ತ್ರೀಯರ ಸಂಖ್ಯೆ ಸಾಕಷ್ಟಿರಲಿ, ಅವರು ಆಕರ್ಷಕರಾಗಿಯೂ ಇರುವಂತೆ ನೋಡಿಕೊಳ್ಳಿರಿ ಎಂದು. ಅದು ಬಯಲಾದಾಗ 1888ರಲ್ಲಿ ಕಾಮನ್ಸ್ ಸಭೆಯು ಈ ವ್ಯವಸ್ಥೆಯ ವಿರುದ್ಧ ನಿರ್ಣಯ ಮಾಡಿತು. ಕಾಗದದಲ್ಲಿ ರದ್ದಾದುದು ದಂಡುಗಳಲ್ಲಿ ಮುಂದುವರಿಯುತ್ತಿದೆಯೇ ಎಂದು ನೋಡಲು ಇಬ್ಬರು ಅಮೆರಿಕನ್ ಕ್ರೈಸ್ತ ಮಹಿಳೆಯರು, ವೈದ್ಯೆ ಕ್ಯಾಥರೀನ್ ಬುಶ್ನೆಲ್ ಮತ್ತು ಎಲಿಜಬೆತ್ ಆಂಡ್ರೂ, 1891ರ ಕೊನೆಯಲ್ಲಿ ಇಲ್ಲಿಗೆ ಬಂದು, ಬಜಾರುಗಳೊಳಗೆ ಹೋಗಿ ಆ ಸ್ತ್ರೀಯರೊಡನೆಯೇ ಮಾತಾಡಿದರು. ಅವರ ಸಾಕ್ಷ್ಯವನ್ನು ಅಲ್ಲಗಳೆದಿದ್ದ ಸೇನಾಪತಿ ಲಾರ್ಡ್ ರಾಬರ್ಟ್ಸ್ 1893ರಲ್ಲಿ ಅವರ ಕ್ಷಮೆ ಕೇಳಬೇಕಾಯಿತು. ಇದೇ ಬುಶ್ನೆಲ್ ಮುಂದೆ ಮೂಲಭಾಷೆಗಳ ಆಧಾರದ ಮೇಲೆ ಸ್ತ್ರೀಯರ ಕುರಿತಾದ ಸತ್ಯವೇದದ ವಚನಗಳನ್ನು ಶೋಧಿಸಿ ‘ದೇವರ ವಾಕ್ಯ ಸ್ತ್ರೀಯರಿಗೆ’ ಎಂಬ ಅರ್ಥದ ಹೆಸರಿನ ಗ್ರಂಥವನ್ನು ಬರೆದರು. ಬಜಾರಿನಲ್ಲಿ ಕೇಳಿದ ಮಾತುಗಳಿಗೂ ಆ ಓದಿಗೂ ಸಂಬಂಧವಿಲ್ಲವೆಂದು ನಂಬುವುದು ನನಗೆ ಕಷ್ಟ.

ಬಟ್ಲರರ ಕಥೆಯ ಕೊನೆಯ ಭಾಗವನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. ಸಮ್ಮತಿಯ ವಯಸ್ಸನ್ನು 13ರಿಂದ 16ಕ್ಕೆ ಏರಿಸಿದ 1885ರ ಕಾಯ್ದೆಯನ್ನು ಅವರ ಪಕ್ಷದವರೇ ಬೆಂಬಲಿಸಿದ್ದರು. ಹುಡುಗಿಯರ ರಕ್ಷಣೆಗೆಂದು ಬಂದ ಅದೇ ಕಾಯ್ದೆ ವೇಶ್ಯಾಗೃಹಗಳ ಮೇಲೆ ದಾಳಿಮಾಡುವ ಅಧಿಕಾರವನ್ನೂ ವಿಸ್ತರಿಸಿತು. ಶುದ್ಧಾಚಾರದ ಸಂಘಗಳು ಆ ಅಧಿಕಾರವನ್ನು ಹಿಡಿದು ಬಡ ಸ್ತ್ರೀಯರನ್ನು ಬೀದಿಯಿಂದ ಬೀದಿಗೆ ಓಡಿಸತೊಡಗಿದವು. ಬಟ್ಲರ್ ತಮ್ಮ ವೃದ್ಧಾಪ್ಯದಲ್ಲಿ ಈ ಸಂಘಗಳ ವಿರುದ್ಧವೇ ಎಚ್ಚರಿಕೆ ಕೊಡಬೇಕಾಯಿತು.

ಈ ನೆನಪಿನೊಂದಿಗೆ ಆದಿಕಾಂಡ 38ನ್ನು ಓದಿರಿ. ಯೆಹೂದನು ದಾರಿಯ ಬದಿಯಲ್ಲಿ ಮುಸುಕುಹಾಕಿಕೊಂಡು ಕುಳಿತವಳನ್ನು ವೇಶ್ಯೆಯೆಂದು ತಿಳಿದು, ಬೆಲೆ ಗೊತ್ತುಮಾಡಿ, ತನ್ನ ಮುದ್ರೆ, ದಾರ, ಕೋಲುಗಳನ್ನು ಒತ್ತೆಯಿಟ್ಟನು. ಮೂರು ತಿಂಗಳ ತರುವಾಯ ತಾಮಾರಳು ಗರ್ಭಿಣಿಯೆಂದು ತಿಳಿದಾಗ ಅವಳನ್ನು ಸುಡಬೇಕೆಂದು ತೀರ್ಪಿತ್ತವನೂ ಅವನೇ. ಕೊಂಡವನೇ ನ್ಯಾಯಾಧಿಪತಿ. ಒತ್ತೆಯ ವಸ್ತುಗಳು ಅವನ ಮುಂದೆ ಬಂದಾಗ ಅವನು ತನಗಿಂತ ಅವಳೇ ನೀತಿವಂತಳೆಂದು ಒಪ್ಪಿಕೊಳ್ಳುತ್ತಾನೆ. ನಮ್ಮ ಎಂಟನೆಯ ಕಲಮಿನಲ್ಲಿಯೂ 1871ರ ಆಯೋಗದಲ್ಲಿಯೂ ಕುಳಿತಿರುವವನು ಒತ್ತೆಯನ್ನು ಇನ್ನೂ ಕಾಣದ ಈ ಯೆಹೂದನೇ. ಪೌಲನ ಮಾತಿನ ದಿಕ್ಕನ್ನೂ ಗಮನಿಸಬೇಕು: 1 ಕೊರಿಂಥ 6ರಲ್ಲಿ ಅವನು ಗದರಿಸುವುದು ವೇಶ್ಯೆಯ ಬಳಿಗೆ ಹೋಗುವ ಸಭೆಯ ಪುರುಷನನ್ನು, ಅವಳಿಗೆ ಶಿಕ್ಷೆಯನ್ನು ಅವನು ಬೇಡುವುದಿಲ್ಲ. ಇನ್ನೊಂದು ಸಣ್ಣ ವಿಷಯ. ನಮ್ಮ ಹಳೆಯ ಅನುವಾದದಲ್ಲಿ ರಾಹಾಬಳಿಗೆ ಬಳಕೆಯಾದ ಪದವು ಇಂದು ಬೀದಿಯ ಬೈಗುಳ. ಅದನ್ನು ಪೀಠದಿಂದ ಗಟ್ಟಿಯಾಗಿ ಓದುವಾಗ ಹಿಂದಿನ ಸಾಲಿನಲ್ಲಿ ಯಾರು ಕುಳಿತಿರಬಹುದೆಂದು ಓದುಗನು ಯೋಚಿಸಲಿ.

ಹಾಗಾದರೆ ಸ್ವೀಡನ್ನಿನ ದಾರಿಯೋ ನ್ಯೂಜಿಲೆಂಡಿನ ದಾರಿಯೋ? ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸದೆ, ಮುಖ್ಯವಾಗಿ ಇತರರಿಗೆ ಹಾನಿಮಾಡುವವುಗಳನ್ನು ತಡೆಯಬೇಕೆಂದು ಅಕ್ವಿನಾಸನು ಬೇರೆಡೆ ಹೇಳುತ್ತಾನೆ. ಈ ಅಳತೆಗೋಲನ್ನು ಹಿಡಿದರೆ ಪ್ರಶ್ನೆಯು, ಹಣಕೊಟ್ಟು ಕೊಳ್ಳುವುದೇ ಅವಳಿಗೆ ಹಾನಿಯೋ ಎಂಬುದಕ್ಕೆ ಬಂದು ನಿಲ್ಲುತ್ತದೆ. ಬಡತನವೂ ಜಾತಿಯೂ ಸ್ತ್ರೀಯರನ್ನು ಇಲ್ಲಿಗೆ ತಂದು ನಿಲ್ಲಿಸುವ ನಮ್ಮ ನಾಡಿನಲ್ಲಿ, 1982ರಲ್ಲಿ ದೇವದಾಸಿ ಸಮರ್ಪಣೆಯ ನಿಷೇಧಕ್ಕಾಗಿ ಕಾಯ್ದೆ ಮಾಡಬೇಕಾಗಿ ಬಂದ ಈ ಕರ್ನಾಟಕದಲ್ಲಿ, ಹೌದೆಂದು ಉತ್ತರಿಸಲು ನನಗೆ ಕಾರಣಗಳಿವೆ. ಆದರೆ ಕೊಳ್ಳುವವನನ್ನು ಹಿಡಿಯುವ ಅಧಿಕಾರ ಕೊಟ್ಟರೂ ಪೊಲೀಸನು ಕಾಯುವುದು ಅವಳ ಮನೆಯ ಮುಂದೆಯೇ ಎಂದು ಎದುರುಪಕ್ಷದವರು ಹೇಳುವಾಗ, ಬಟ್ಲರರ ಕೊನೆಯ ವರ್ಷಗಳನ್ನು ಓದಿದವನು ಅದನ್ನು ತಳ್ಳಿಹಾಕಲಾರನು. ಈ ವಿಷಯದಲ್ಲಿ ಕ್ರೈಸ್ತರು ಒಳ್ಳೆಯ ಮನಸ್ಸಾಕ್ಷಿಯಿಂದಲೇ ಭಿನ್ನರಾಗಬಹುದು. ಎಂಟನೆಯ ಕಲಮು ಸ್ತ್ರೀಗೆ ವಿಧಿಸುವ ಸೆರೆವಾಸದ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯಕ್ಕೆ ಎಡೆಯನ್ನು ನಾನು ಕಾಣೆನು. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಅದು ಹೋಗಬೇಕು.

ಇದು ನಮ್ಮ ಪರಿಚಾರಿಕೆಗೆ ದೂರದ ಮಾತಲ್ಲ. ಅಧಿನಿಯಮದ ಹದಿನೇಳನೆಯ ಕಲಮಿನ ಪ್ರಕಾರ, ದಾಳಿಯಲ್ಲಿ ಬಿಡಿಸಿ ತಂದವರನ್ನು ಒಂದರಿಂದ ಮೂರು ವರ್ಷಗಳವರೆಗೆ ರಕ್ಷಣಾಗೃಹದಲ್ಲಿ ಇರಿಸುವಂತೆ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಬಿಡುಗಡೆಯೆಂದು ಹೆಸರಾದುದು ಬೀಗಹಾಕಿದ ಕೋಣೆಯಾಗಬಹುದು. ಆ ಸ್ತ್ರೀಯರಿಗಾಗಿ ಗೃಹಗಳನ್ನು ನಡೆಸುವ ನಮ್ಮ ಸಭೆಗಳು ತಮ್ಮ ಬಾಗಿಲ ಚಿಲಕ ಯಾವ ಬದಿಯಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ವಿಚಾರಣೆಯಲ್ಲಿ ತಮಗೆ ನೆರವಾಗಲು ಐವರು ಗೌರವಾನ್ವಿತರನ್ನು, ಸಾಧ್ಯವಾದಷ್ಟು ಮಟ್ಟಿಗೆ ಅವರಲ್ಲಿ ಮೂವರು ಸ್ತ್ರೀಯರಿರುವಂತೆ, ಮ್ಯಾಜಿಸ್ಟ್ರೇಟರು ಕರೆಸಿಕೊಳ್ಳಬಹುದೆಂದೂ ಅದೇ ಕಲಮು ಹೇಳುತ್ತದೆ. ಸಭಾಪಾಲಕನಿಗೂ ಆ ಕರೆ ಬರಬಹುದು. ಬಂದರೆ ಹೋಗಿರಿ. ವರದಿಯನ್ನು ಓದುವ ಮೊದಲು ಅವಳ ಹೆಸರನ್ನು ಕೇಳಿರಿ, ಮಕ್ಕಳಿದ್ದಾರೆಯೇ, ಅವರು ಈಗ ಯಾರ ಬಳಿ ಇದ್ದಾರೆ ಎಂದು ಕೇಳಿರಿ, ಎಲ್ಲಿಗೆ ಹೋಗಲು ಬಯಸುತ್ತಾಳೆಂದು ಕೇಳಿರಿ, ಮತ್ತು ಅವಳ ಉತ್ತರವನ್ನು ಅವಳದೇ ಮಾತುಗಳಲ್ಲಿ ದಾಖಲಿಸುವಂತೆ ಮ್ಯಾಜಿಸ್ಟ್ರೇಟರನ್ನು ಬಿನ್ನವಿಸಿರಿ.